ಇಲ್ಕಾಳನ್ನು ತಿದ್ದಿದ ಲೋತಾರ್

ವಿಸ್ಮಾರ್ ಊರಿನ ದೊಡ್ಡ ಚರ್ಚಿನ ಹಿಂದಿನ ಓಣಿಯಲ್ಲಿದ್ದ ಫೋಟೋ ಸ್ಟುಡಿಯೋಗೆ ಲೋತಾರ್ ಕೆಲಸ ಕಲಿಯಲು ಸೇರಿದಾಗ ಅವನಿಗೆ ಹದಿನಾರು ವರ್ಷ. ಕ್ಯಾಮೆರಾ ಮುಟ್ಟಲು ಬಿಟ್ಟದ್ದು ಮೂರನೆಯ ವರ್ಷದಲ್ಲಿ. ಅಲ್ಲಿಯವರೆಗೆ ಕಿಟಕಿಯ ಪಕ್ಕ ಕೂತು, ಕೂದಲೆಳೆಯಷ್ಟು ಸಣ್ಣ ಕುಂಚದಿಂದ ಚಿತ್ರಗಳಲ್ಲಿನ ಜನರ ಮುಖ ತಿದ್ದುವುದೇ ಅವನ ಕೆಲಸ. ಮದುಮಗಳ ಗಲ್ಲದ ಮೊಡವೆ, ಹಡಗುಕಟ್ಟೆಯ ಕೂಲಿಯವನ ಕಣ್ಣಿನ ಕೆಳಗಿನ ಕಪ್ಪು, ನಿವೃತ್ತ ಮೇಷ್ಟ್ರ ಕತ್ತಿನ ಸುಕ್ಕು, ಎಲ್ಲವೂ ಅವನ ಕೈಯಲ್ಲಿ ಮಾಯವಾಗುತ್ತಿದ್ದವು. ಗಿರಾಕಿ ತನ್ನ ಚಿತ್ರ ನೋಡಿದಾಗ ಚೆನ್ನಾಗಿ ನಿದ್ದೆ ಮಾಡಿ ಎದ್ದ ದಿನದ ತಾನು ಕಾಣಬೇಕು, ಕುಂಚ ಆಡಿದೆ ಎಂದು ಗೊತ್ತಾದರೆ ಅದು ಕೆಟ್ಟ ಕೆಲಸ ಎಂದು ಯಜಮಾನ ಹೇಳುತ್ತಿದ್ದ. ಲೋತಾರ್‌ನ ಕುಂಚ ಆಡಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇಲ್ಕಾ ಅವನಿಗೆ ಸಿಕ್ಕಿದ್ದು ಸಮುದ್ರದ ದಂಡೆಯಲ್ಲಿ. ಆ ಕರಾವಳಿಯಲ್ಲಿ ಬೇಸಿಗೆ ಬಂತೆಂದರೆ ಪೋಸ್ಟಾಫೀಸಿನವಳು, ಮಾಂಸದಂಗಡಿಯವನು, ಅಜ್ಜ, ಮೊಮ್ಮಗಳು ಎಲ್ಲರೂ ಬಟ್ಟೆ ಕಳಚಿ ಚೀಲಕ್ಕೆ ತುರುಕಿ ನೀರಿಗಿಳಿಯುವವರು. ಅದು ಮಾತಾಡುವ ವಿಷಯವೇ ಆಗಿರಲಿಲ್ಲ. ಲೋತಾರ್ ಕೂಡ ಹಾಗೇ ಬಂದಿದ್ದ. ಆದರೆ ಆವತ್ತು ಅವನ ಕುತ್ತಿಗೆಯಲ್ಲಿ ಕ್ಯಾಮೆರಾ ಇತ್ತು. ನೀರಿನಿಂದೆದ್ದು ಬಂದ ಎತ್ತರದ ಹುಡುಗಿಯೊಬ್ಬಳು ಸೀದಾ ಅವನೆದುರು ಬಂದು ನಿಂತಳು.

"ಕ್ಯಾಮೆರಾ ಚೀಲದೊಳಗೆ ಹಾಕಿ. ಇಲ್ಲಾಂದ್ರೆ ಬಟ್ಟೆ ಹಾಕ್ಕೊಂಡು ಮನೆಗೆ ನಡೀರಿ," ಎಂದಳು.

ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು ಆಕೆ. ಕೊಳದ ಅಂಚಿನಲ್ಲಿ ನಿಂತು ಆರು ವರ್ಷದವರನ್ನು ಗದರುವ ದನಿಯಲ್ಲೇ ಎಲ್ಲರ ಜೊತೆ ಮಾತಾಡುತ್ತಿದ್ದಳು. ಲೋತಾರ್ ಕ್ಯಾಮೆರಾ ಒಳಗಿಟ್ಟ. ಮರುವರ್ಷ ಅವರ ಮದುವೆಯಾಯಿತು.

ಆಮೇಲೆ ಎರಡು ಹೋಳಾಗಿದ್ದ ದೇಶ ಒಂದಾಯಿತು, ಅಂಗಡಿಗಳು ಬದಲಾದವು. ಮಕ್ಕಳಾಗಲಿಲ್ಲ. ಫೋನಿನಲ್ಲೇ ಎಲ್ಲರೂ ಚಿತ್ರ ತೆಗೆಯಲು ಶುರುಮಾಡಿದ ಮೇಲೆ ಸ್ಟುಡಿಯೋ ಮುಚ್ಚಿತು; ಇನ್ನು ಕೆಲವು ವರ್ಷಕ್ಕೆ ಈಜುಕೊಳವೂ ಮುಚ್ಚಿತು. ಇಬ್ಬರಿಗೂ ಬೇರೆ ಕಸುಬು ಕಲಿಯುವ ವಯಸ್ಸು ಮೀರಿತ್ತು. ಇಲ್ಕಾ ಒಂದು ಹಳೆಯ ವ್ಯಾನ್ ಕೊಳ್ಳೋಣ ಎಂದಳು. ಬತ್ತಲೆ ಈಜುವ ದಂಡೆಗಳು, ಬತ್ತಲೆ ಇರಬಹುದಾದ ಕ್ಯಾಂಪುಗಳು ಯುರೋಪಿನಲ್ಲಿ ಎಲ್ಲೆಲ್ಲಿವೆ, ಎಲ್ಲಿ ನೆರಳಿದೆ, ಎಲ್ಲಿ ಮುಳ್ಳು, ಎಲ್ಲಿ ಅಸಹ್ಯದ ಗಂಡಸರು ಬಂದು ಕೂರುತ್ತಾರೆ ಎಂಬುದನ್ನೆಲ್ಲ ನೆಟ್ಟಗೆ ಬರೆದು ಹೇಳುವವರು ಯಾರೂ ಇಲ್ಲ, ನಾನು ಬರೆಯುತ್ತೇನೆ, ನೀನು ಚಿತ್ರ ತೆಗಿ ಎಂದಳು. ಹೀಗೆ ಅವರ ಬ್ಲಾಗ್ ಹುಟ್ಟಿತು.

ಮೂರು ವರ್ಷ ಉಪವಾಸದ ಹಾಗೆಯೇ ಕಳೆಯಿತು. ಆಮೇಲೆ ಕೈಹಿಡಿಯಿತು. ಕ್ಯಾಂಪಿನವರು ಜಾಗ ಕೊಟ್ಟು, ಬರೆದದ್ದಕ್ಕೆ ಕೂಲಿಯನ್ನೂ ಕೊಡತೊಡಗಿದರು. ಬಿಸಿಲಿಗೆ ಹಚ್ಚುವ ಮುಲಾಮಿನ ಕಂಪನಿಯೊಂದು ಜಾಹೀರಾತು ಹಾಕಿತು. ವರ್ಷಕ್ಕೊಂದು ಕೈಪಿಡಿಯನ್ನು ಅವರೇ ಅಚ್ಚುಹಾಕಿಸಿ ಮಾರುತ್ತಿದ್ದರು. ಹೊರಗಿನವರು ಇವರನ್ನು ನೋಡಿ, ಬಟ್ಟೆ ಬಿಚ್ಚಿ ಬಿಸಿಲಿಗೆ ಬಿದ್ದುಕೊಂಡರೆ ದುಡ್ಡು ಬರುತ್ತದೆ ಎಂದು ಕರುಬುತ್ತಿದ್ದರು. ನಿಜದಲ್ಲಿ ದಿನದ ಮುಕ್ಕಾಲು ಪಾಲು ಇಬ್ಬರೂ ಉಣ್ಣೆಯ ಅಂಗಿ ತೊಟ್ಟು ವ್ಯಾನಿನೊಳಗೆ ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದರು. ಬೇಸಿಗೆಯಲ್ಲಿ ಓದುವವರಿಗೆ ಇನ್ನೂ ಚಳಿ ಬಿಡದ ಮೇ ತಿಂಗಳಲ್ಲೇ ಚಿತ್ರ ತೆಗೆಯಬೇಕು. ಕೊರೆಯುವ ನೀರಿಗೆ ಇಲ್ಕಾ ನಗುನಗುತ್ತ ಇಳಿಯುವಳು, ಲೋತಾರ್ ನಾಲ್ಕು ಸಲ ಕ್ಲಿಕ್ ಅನ್ನಿಸುವನು, ಅವಳು ಹಲ್ಲು ಕಟಕಟಿಸುತ್ತ ಕಂಬಳಿಯೊಳಗೆ ಓಡಿಬರುವಳು.

ಬ್ಲಾಗಿನ ತಲೆಯ ಮೇಲೆ ಇಲ್ಕಾ ಒಂದು ಸಾಲು ಬರೆದಿದ್ದಳು: ಇಲ್ಲಿನ ಯಾವ ಚಿತ್ರವನ್ನೂ ತಿದ್ದಿಲ್ಲ, ನಾವು ಇರುವುದೇ ಹೀಗೆ. ಅದನ್ನು ಓದಿ ಹೆಂಗಸರು ಅವಳಿಗೆ ಕಾಗದ ಬರೆಯುತ್ತಿದ್ದರು. ಹೆರಿಗೆಯಾದ ಮೇಲೆ ಹೊಟ್ಟೆ ಜೋತುಬಿದ್ದವರು, ಸುಟ್ಟ ಗಾಯದವರು, ಗಂಡನ ಮುಂದೆಯೂ ದೀಪ ಆರಿಸಿಯೇ ಬಟ್ಟೆ ಬದಲಿಸುವವರು. ಇಲ್ಕಾ ಒಬ್ಬೊಬ್ಬರಿಗೂ ಉತ್ತರಿಸುತ್ತಿದ್ದಳು. ಬನ್ನಿ, ಯಾರೂ ನೋಡುವುದಿಲ್ಲ, ನೋಡಿದರೂ ಒಂದು ನಿಮಿಷ, ಆಮೇಲೆ ಅವರವರ ಪಾಡು ಅವರಿಗೆ ಎನ್ನುತ್ತಿದ್ದಳು. ಕೊಳಕು ಮಾತು ಬರೆದ ಗಂಡಸರಿಗೂ ಉತ್ತರ ಹೋಗುತ್ತಿತ್ತು, ಈಜುಕೊಳದ ಅಂಚಿನ ದನಿಯಲ್ಲಿ.

ಇದೆಲ್ಲ ಇಷ್ಟವಿಲ್ಲದಿದ್ದವಳು ಇಲ್ಕಾಳ ಅಕ್ಕ ರೋಸ್ವಿಟಾ ಒಬ್ಬಳೇ. ಅವಳೂ ಹುಟ್ಟಿದಾಗಿನಿಂದ ಅದೇ ದಂಡೆಯಲ್ಲಿ ಬತ್ತಲೆ ಈಜಿದವಳೇ, ಅವಳ ತಕರಾರು ನಾಚಿಕೆಯದಲ್ಲ. "ಅಲ್ಲಿ ಎಲ್ರೂ ಬತ್ತಲೆ ಇದ್ರು, ಅದಕ್ಕೆ ಯಾರೂ ನೋಡ್ತಿರ್ಲಿಲ್ಲ. ನೀವು ಅಂಗಿ ತೊಟ್ಟು ಮನೇಲಿ ಕೂತಿರೋರನ್ನೆಲ್ಲ ಕರ್ದು ನೋಡಿ ಅಂತಿದೀರ. ಎರಡೂ ಒಂದೇನಾ?" ಎಂದು ಒಂದು ಸಲ ಊಟದ ಮೇಜಿನಲ್ಲಿ ಕೇಳಿದ್ದಳು. ಇಲ್ಕಾ ನಕ್ಕುಬಿಟ್ಟಳು. ಲೋತಾರ್ ತಲೆಯೆತ್ತದೆ ಸೂಪು ಕುಡಿದ.

ಅವನಿಗೆ ತಲೆಯೆತ್ತಲು ಬೇರೆಯೇ ಅಡ್ಡಿಯಿತ್ತು. ಅವನು ಚಿತ್ರಗಳನ್ನು ತಿದ್ದುತ್ತಿದ್ದ. ಮೊದಲ ದಿನದಿಂದಲೇ. ಇಲ್ಕಾ ಆ ಸಾಲು ಬರೆಯುವಾಗ ಅವನು ಹಿಂದೆಯೇ ನಿಂತಿದ್ದ, ಏನೂ ಹೇಳಲಿಲ್ಲ. ದೊಡ್ಡದಾಗಿ ಏನನ್ನೂ ಬದಲಿಸುತ್ತಿರಲಿಲ್ಲ. ಮೀನಖಂಡದ ಮೇಲೆ ಹಸಿರಾಗಿ ಗಂಟುಕಟ್ಟಿದ ನರ, ಸೊಂಟದ ಮೇಲೆ ಪಟ್ಟಿ ಒತ್ತಿದ ಗುರುತು, ಹೊಟ್ಟೆಯ ಹಳೆಯ ಹೊಲಿಗೆಯ ಕೆಂಪು. ಮೌಸಿನ ಮೇಲೆ ಎರಡು ಸಲ ಬೆರಳಾಡಿಸಿದರೆ ಮುಗಿಯಿತು. ಮೋಸ ಎಂದು ಅವನಿಗೆ ಅನ್ನಿಸಿರಲೇ ಇಲ್ಲ. ಮೇಜು ಒರೆಸುವವನಿಗೆ ಕಲೆ ಕಂಡರೆ ಕೈ ಹೋಗುತ್ತದಲ್ಲ, ಹಾಗೆ ಹೋಗುತ್ತಿತ್ತು.

ಆ ವರ್ಷ ಮೇ ಕೊನೆಯಲ್ಲಿ ಅವರು ದಕ್ಷಿಣದ ಇಸ್ಟ್ರಿಯಾ ಕರಾವಳಿಯ ಒಂದು ಕ್ಯಾಂಪಿನಲ್ಲಿದ್ದರು. ಬೆಳಗಿನ ಬಿಸಿಲಿನಲ್ಲಿ ಇಲ್ಕಾ ಬಂಡೆಯ ಮೇಲೆ ನಿಂತು ಎರಡೂ ಕೈಯೆತ್ತಿ ಕೂದಲು ಕಟ್ಟಿಕೊಳ್ಳುತ್ತಿದ್ದಳು, ಹಿಂದೆ ಸಮುದ್ರ. ಹೇಳದೆ ಕೇಳದೆ ತೆಗೆದ ಚಿತ್ರ. ಅವನು ತೆಗೆದದ್ದರಲ್ಲೆಲ್ಲ ಚೆನ್ನಾಗಿ ಬಂದದ್ದು ಅದೇ. ವ್ಯಾನಿನೊಳಗೆ ಅದನ್ನು ದೊಡ್ಡದು ಮಾಡಿ ನೋಡುವಾಗ ಎಡ ಮೊಲೆಯ ಕೆಳಮಗ್ಗುಲಲ್ಲಿ ಹೆಬ್ಬೆರಳು ಒತ್ತಿದಷ್ಟು ಒಂದು ಗುಳಿ ಕಂಡಿತು. ನೆರಳಿರಬೇಕು, ಇಲ್ಲವೇ ಕಲ್ಲಿನ ಮೇಲೆ ಮಲಗಿದ್ದರ ಗುರುತು ಎಂದುಕೊಂಡ. ಅಳಿಸಿದ. ಆ ಚಿತ್ರವನ್ನು ಕ್ಯಾಂಪಿನವರು ತಮ್ಮ ಪುಸ್ತಿಕೆಯ ಮುಖಪುಟಕ್ಕೂ ಹಾಕಿಕೊಂಡರು.

ಮುಂದಿನ ಏಪ್ರಿಲಿನಲ್ಲಿ ಇಬ್ಬರೂ ಡಾಕ್ಟರ ಎದುರು ಕೂತಿದ್ದರು. ಇಲ್ಕಾಳ ಎಡ ಮೊಲೆಯ ಗಡ್ಡೆ ಕಂಕುಳಿಗೂ ಹರಡಿತ್ತು. ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ಗಟ್ಟಿ ಮಾತಿನವಳಲ್ಲ. ಚರ್ಮದಲ್ಲಿ ಬದಲಾವಣೆ ಮೊದಲು ಕಂಡದ್ದು ಯಾವಾಗ ಎಂದು ಕೇಳಿದಳು. ಇಲ್ಕಾ ಫೆಬ್ರವರಿಯಲ್ಲಿ ಎಂದಳು, ಸ್ನಾನ ಮಾಡುವಾಗ ಒಂದು ಗುಳಿಯಂಥದ್ದು ಕೈಗೆ ಸಿಕ್ಕಿತು ಎಂದಳು. ಗುಳಿ ಎಂಬ ಮಾತು ಕಿವಿಗೆ ಬಿದ್ದದ್ದೇ ಲೋತಾರ್‌ಗೆ ಇಸ್ಟ್ರಿಯಾದ ಬಂಡೆಯ ಚಿತ್ರ ನೆನಪಾಯಿತು.

ಮನೆಗೆ ಬಂದು, ಅವಳು ಮಲಗಿದ ಮೇಲೆ, ಅವನು ಅಂಗಳದಲ್ಲಿದ್ದ ವ್ಯಾನಿಗೆ ಹೋಗಿ ಹಳೆಯ ಡಿಸ್ಕು ಹಾಕಿ ಆ ಚಿತ್ರದ ಮೂಲವನ್ನು ತೆರೆದ. ನೆರಳಾಗಿರಲಿಲ್ಲ. ಹಿಂದಿನ ದಿನ, ಮುಂದಿನ ದಿನ ತೆಗೆದವುಗಳನ್ನೂ ತೆರೆದ. ಅವಳು ಕೈಯೆತ್ತಿದ ಕಡೆಯಲ್ಲೆಲ್ಲ ಅದು ಇತ್ತು. ಹನ್ನೊಂದು ತಿಂಗಳ ಹಿಂದೆ, ಇದೇ ಪರದೆಯ ಮೇಲೆ ಅವನ ಕಣ್ಣಿಗೆ ಬಿದ್ದು, ಅವನ ಬೆರಳಿನಿಂದಲೇ ಹೋಗಿತ್ತು.

ಹೇಳಲಿಲ್ಲ. ಆಪರೇಷನ್ ಆಗಲಿ, ಆಮೇಲೆ ಹೇಳೋಣ ಎಂದುಕೊಂಡ. ಆಪರೇಷನ್ ಆಗಿ ಎಡ ಮೊಲೆ ಹೋಯಿತು, ಇನ್ನು ಔಷಧ ಮುಗಿಯಲಿ ಎಂದುಕೊಂಡ. ಅವಳ ಕೂದಲು ಉದುರಿತು. ಅವನು ಅವಳಿಗೆ ಗಂಜಿ ಕಾಯಿಸಿದ, ಬೆನ್ನು ಒರೆಸಿದ, ವಾಂತಿಯ ಬೋಗುಣಿ ಹಿಡಿದ. ಬ್ಲಾಗಿಗೆ ಹಳೆಯ ಸರಕನ್ನೇ ಸೇರಿಸಿ ಸೇರಿಸಿ ನಡೆಸಿದ. ಒಂದು ದಿನ ಅವಳಿಲ್ಲದಾಗ ಡಾಕ್ಟರನ್ನು ಹಿಡಿದು, ಹನ್ನೊಂದು ತಿಂಗಳು ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದ. ಆಕೆ ಅವನ ಮುಖ ನೋಡಿದಳು. "ಅದನ್ನ ಯಾರೂ ಹೇಳಕ್ಕಾಗಲ್ಲ. ಹೇಳ್ತೀನಿ ಅನ್ನೋರನ್ನ ನಂಬ್ಬೇಡಿ," ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಅಕ್ಟೋಬರಿನ ಒಂದು ಮಧ್ಯಾಹ್ನ ಇಲ್ಕಾ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಸ್ವಲ್ಪ ಚೇತರಿಸಿಕೊಂಡಿದ್ದಳು. ಓದುವವರಿಗೆ ವಿಷಯ ಹೇಳಿಬಿಡಬೇಕು, ಎಷ್ಟು ದಿನ ಮುಚ್ಚಿಡುವುದು ಎಂದು ಶುರುಮಾಡಿದಳು.

"ಇಸ್ಟ್ರಿಯಾದ ಆ ಬಂಡೆ ಚಿತ್ರ ತೆಗ್ದಿಡು. ನಾನು ಪೂರ್ತಿ ಇದ್ದ ಕೊನೇದು ಅದೇ. ಅದನ್ನೂ ಈಗಿಂದನ್ನೂ ಪಕ್ಕಪಕ್ಕ ಹಾಕೋಣ."

"ಬೇರೆ ಯಾವ್ದಾದ್ರೂ ಹಾಕೋಣ," ಎಂದ ಲೋತಾರ್. "ಅದ್ರಲ್ಲಿ ಬೆಳಕು ಸರಿಯಿಲ್ಲ."

"ವರ್ಷವೆಲ್ಲ ಅದನ್ನೇ ಹೊಗಳಿದೀಯ. ಈಗೇನಾಯ್ತು ಬೆಳಕಿಗೆ?"

ಅವನು ಅವಳ ಎದುರಿನ ಕುರ್ಚಿಯಲ್ಲಿ ಕೂತ. ಆರು ತಿಂಗಳಿನಿಂದ ಮನಸ್ಸಿನಲ್ಲಿ ಹೊಂದಿಸಿಟ್ಟ ಮಾತುಗಳು ಒಂದೂ ಬರಲಿಲ್ಲ. ಗುಳಿ ಇತ್ತು, ಕಂಡಿತ್ತು, ನೆರಳೆಂದುಕೊಂಡು ಅಳಿಸಿದೆ ಎಂದು ಮೂರು ತುಂಡಿನಲ್ಲಿ ಹೇಳಿದ. ಇಲ್ಕಾಳ ಕೈಯಲ್ಲಿ ಅರ್ಧ ಸುಲಿದ ಆಲೂಗಡ್ಡೆ ಹಾಗೇ ನಿಂತಿತು. ಅವಳು ತಿಂಗಳು ಎಣಿಸುತ್ತಾಳೆ, ಕೂಗುತ್ತಾಳೆ, ಚಾಕು ಎಸೆದರೂ ಎಸೆದಾಳು ಎಂದು ಅವನು ಕಾದ. ಅವಳು ಕೇಳಿದ್ದೇ ಬೇರೆ.

"ಅಳಿಸ್ದೆ ಅಂದ್ಯಲ್ಲ. ಅಂದ್ರೆ ನೀನು ಅಳಿಸೋ ಅಭ್ಯಾಸ ಇಟ್ಕೊಂಡಿದ್ದೆ."

"ಹೂಂ."

"ಎಷ್ಟು ಚಿತ್ರದಲ್ಲಿ?"

"ಎಲ್ಲದ್ರಲ್ಲೂ. ಸ್ವಲ್ಪ ಸ್ವಲ್ಪ. ಕೈ ತಾನಾಗೇ ಹೋಗೋದು ಇಲ್ಕಾ."

ಅವಳು ಚಾಕುವನ್ನೂ ಆಲೂಗಡ್ಡೆಯನ್ನೂ ಮೇಜಿನ ಮೇಲಿಟ್ಟಳು. ಆಮೇಲೆ ಮೆಲ್ಲಗೆ, ಅವನು ಎಂದೂ ಕೇಳದ ದನಿಯಲ್ಲಿ ಹೇಳಿದಳು. "ಐವತ್ತಾದ ಮೈ ಹೀಗಿರತ್ತೆ, ನಾಚ್ಕೋಬೇಡಿ, ಬನ್ನಿ ಅಂತ ಅಷ್ಟು ಜನ ಹೆಂಗಸ್ರನ್ನ ಕರೆದ್ನಲ್ಲೋ. ಯಾರ ಮೈ ತೋರ್ಸಿ ಕರೆದೆ ನಾನು?"

"ನಂಗೆ ನೀನು ಚಿತ್ರದಲ್ಲಿದ್ದ ಹಾಗೇ ಕಾಣ್ತಿದ್ದೆ."

"ಅದೇ ಕಣೋ ಆಗಿದ್ದು," ಎಂದಳು ಇಲ್ಕಾ. "ನಿಂಗೆ ನಾನು ಹಾಗೇ ಕಾಣ್ತಿದ್ದೆ."

ಮರುದಿನ ಅವಳು ಅಕ್ಕನ ಮನೆಗೆ ಹೋದಳು. ರೋಸ್ವಿಟಾ ಬಂದು ಬಟ್ಟೆಬರೆ, ಔಷಧದ ಡಬ್ಬಿ ಎಲ್ಲ ಜೋಡಿಸಿಕೊಂಡಳು. ಬೈಯುತ್ತಾಳೆ ಎಂದು ಲೋತಾರ್ ಬಾಗಿಲಲ್ಲೇ ನಿಂತಿದ್ದ. ಅವಳು ಅವನನ್ನು ದಾಟಿ ಹೋಗುತ್ತ, ಒಲೆಯ ಮೇಲೆ ಏನಾದರೂ ಇಟ್ಟುಕೊಂಡು ತಿನ್ನು, ಸೊರಗಿದ್ದೀಯ ಎಂದಷ್ಟೇ ಹೇಳಿದಳು. ಆ ಮೂರು ವಾರ ಅವನು ಹೆಚ್ಚು ಹೊತ್ತು ವ್ಯಾನಿನಲ್ಲೇ ಕಳೆದ. ಮನೆಯ ಗೋಡೆಗಳ ಮೇಲೆಲ್ಲ ಅವಳ ಚಿತ್ರಗಳಿದ್ದವು, ಎಲ್ಲವೂ ಅವನು ತಿದ್ದಿದವೇ.

ಇಲ್ಕಾ ಮರಳಿ ಬಂದದ್ದು ನವೆಂಬರಿನಲ್ಲಿ. ಕ್ಷಮಿಸಿದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಕೋಟು ನೇತುಹಾಕಿ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡಳು. "ಮೂಲ ಎಲ್ಲ ಇದೆಯಾ?" ಎಂದು ಕೇಳಿದಳು. ಇದೆ ಎಂದ. "ಒಂದೊಂದಾಗಿ ತೆಗಿ. ವಾಪಸ್ ಹಾಕ್ತಾ ಹೋಗೋಣ."

ಆ ಚಳಿಗಾಲವೆಲ್ಲ ಅವರು ಅದನ್ನೇ ಮಾಡಿದರು. ಎಂಟು ವರ್ಷದ ಚಿತ್ರಗಳು. ಅವನು ತೆರೆಯುವನು, ಅವಳು ಕಂಬಳಿ ಹೊದ್ದು ನೋಡುವಳು. "ಓ, ಈ ನರ ನೋಡು, ರೈಲುದಾರಿ ಇದ್ದ ಹಾಗಿದೆ," ಎನ್ನುವಳು. ಹೊಟ್ಟೆಯ ಮಡಿಕೆ ಕಂಡಾಗ ಇದು ನನ್ನಮ್ಮನ ಹೊಟ್ಟೆ, ಅಚ್ಚಿನಲ್ಲಿ ತೆಗೆದ ಹಾಗೆ ಎಂದು ನಗುವಳು. ಕೆಲವೊಮ್ಮೆ ಮುಂದಿನದು ಎಂದು ಕೈಯಾಡಿಸುವಳು. ಇಸ್ಟ್ರಿಯಾದ ಸರದಿ ಬಂದ ದಿನ ಲೋತಾರ್ ಮೊದಲು ಬೇರೇನೋ ತೆರೆದ. ಅವಳು ಕಾದಳು. ಗುಳಿಯನ್ನು ಪರದೆಯ ಹತ್ತಿರ ಬಗ್ಗಿ ನೋಡಿದಳು.

"ಇಷ್ಟೇನಾ," ಎಂದಳು. ಆಮೇಲೆ ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಕೂತಳು, ಕಿಟಕಿಯಾಚೆ ಬೆಳಕು ಕಂದುವವರೆಗೆ. ಅವನು ಅತ್ತ. ಅವಳು ಅಳಲಿಲ್ಲ.

ಫೆಬ್ರವರಿಯಲ್ಲಿ ಅವಳು ಎಲ್ಲವನ್ನೂ ಬರೆದು ಹಾಕಿದಳು. ಕಾಯಿಲೆ, ಕುಂಚ, ಅಳಿಸಿದ ಗುಳಿ, ತಿದ್ದಿಲ್ಲವೆಂಬ ಆ ಸಾಲು ಸುಳ್ಳಾಗಿದ್ದದ್ದು. ತಪ್ಪನ್ನು ಗಂಡನ ಮೇಲೆ ಹಾಕಲಿಲ್ಲ. ನಾವು ಸುಳ್ಳು ಹೇಳಿದೆವು ಎಂದು ಬರೆದಳು. ಉತ್ತರಗಳು ರಾಶಿಬಿದ್ದವು. ಮರುಗಿದವರಿದ್ದರು. ನಿನ್ನ ಚಿತ್ರ ನೋಡಿ ನಾನು ಎಷ್ಟು ವರ್ಷ ನನ್ನ ಕಾಲುಗಳನ್ನು ಹಳಿದುಕೊಂಡೆ ಗೊತ್ತೇ ಎಂದು ಬರೆದವರೂ ಇದ್ದರು. ಆ ಕಾಗದವನ್ನು ಇಲ್ಕಾ ಎರಡು ಸಲ ಓದಿದಳು, ಉತ್ತರ ಬರೆಯಲು ಕೂತು ಎದ್ದುಬಿಟ್ಟಳು. ಮುಲಾಮಿನ ಕಂಪನಿ ನಯವಾದ ನಾಲ್ಕು ಸಾಲು ಕಳಿಸಿ ಕೈಬಿಟ್ಟಿತು. ಕ್ಯಾಂಪುಗಳವರು ಈ ವರ್ಷ ಬೇಡ, ನೀವು ಸುಧಾರಿಸಿಕೊಳ್ಳಿ ಎಂದರು. ಬ್ಲಾಗಿನಿಂದ ಬರುತ್ತಿದ್ದ ಜೀವನ ಅಲ್ಲಿಗೆ ನಿಂತಿತು. ಲೋತಾರ್ ಬಂದರಿನ ಬಳಿಯ ಮೀನು ಹೊಗೆಯಾಡಿಸುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ.

ಜುಲೈಯಲ್ಲಿ ಕಾಯಿಲೆ ಯಕೃತ್ತಿಗೆ ಇಳಿದಿದೆ ಎಂದು ಗೊತ್ತಾಯಿತು. ಆಗಸ್ಟಿನ ಒಂದು ಬೆಳಗ್ಗೆ ಇಲ್ಕಾ ಸಮುದ್ರಕ್ಕೆ ಹೋಗಬೇಕು ಎಂದಳು. ಬೇರೆಲ್ಲೂ ಬೇಡ, ನಮ್ಮ ದಂಡೆಗೇ ಎಂದಳು. ರಜೆಯ ದಿನ, ದಂಡೆ ತುಂಬಿತ್ತು. ಅವಳು ಮರಳಿನ ಮೇಲೆ ನಿಂತು ಎಂದಿನಂತೆ ಅಂಗಿ ಕಳಚಿ ಚೀಲಕ್ಕೆ ಹಾಕಿದಳು. ಎಡಗಡೆ ಉದ್ದಕ್ಕೆ ಒಂದು ಹೊಲಿಗೆ, ಅಷ್ಟೆ. ಆಮೇಲೆ ಟವೆಲ್ಲನ್ನು ಎದೆಗೆ ಸುತ್ತಿಕೊಂಡಳು. ಲೋತಾರ್ ಅವಳನ್ನು ಆ ದಂಡೆಯಲ್ಲಿ ಹಾಗೆ ಎಂದೂ ಕಂಡವನಲ್ಲ. ನೀರು ಸೊಂಟಕ್ಕೆ ಬಂದ ಮೇಲೆ ಟವೆಲ್ ಅವನ ಕೈಗೆ ಕೊಟ್ಟು ಮುಳುಗಿದಳು. ಇಪ್ಪತ್ತು ಕೈ ಈಜಿರಬಹುದು, ಸುಸ್ತಾಗಿ ಅವನ ತೋಳು ಹಿಡಿದಳು.

ಹೊರಗೆ ಬಂದು ಕೂತ ಮೇಲೆ ಅವಳು ಹೇಳಿದಳು, "ಒಂದು ನಿಮಿಷ ನೋಡ್ತಾರೆ, ಆಮೇಲೆ ಅವರ ಪಾಡಿಗೆ ಅವರು ಇರ್ತಾರೆ ಅಂತ ನಾನು ಬರೀತಿದ್ನಲ್ಲ."

"ಹೂಂ."

"ಹಾಗಲ್ಲ ಲೋತಾರ್. ಅದಕ್ಕಿಂತ ಜಾಸ್ತಿ ಹೊತ್ತು ನೋಡ್ತಾರೆ. ಆ ಕೆಂಪು ಕೊಡೆ ಹೆಂಗಸು ಇನ್ನೂ ನೋಡ್ತಿದಾಳೆ. ಅವಳ್ದೇನೂ ತಪ್ಪಿಲ್ಲ. ನಾನು ಗೊತ್ತಿಲ್ದೇ ಹೇಳ್ತಿದ್ದೆ, ನನ್ನನ್ನ ಯಾರೂ ಹಾಗೆ ನೋಡಿರ್ಲಿಲ್ಲ."

ಅವನು ಚೀಲ ಎಳೆದುಕೊಂಡ. ಬುತ್ತಿಯಲ್ಲಿದ್ದ ಬೇಯಿಸಿದ ಮೊಟ್ಟೆ ಸುಲಿದು ಕೊಟ್ಟ. ಅವಳು ಅರ್ಧ ತಿಂದಳು.

ಅಕ್ಟೋಬರಿನಲ್ಲಿ, ಬೆಳಗಿನ ಹತ್ತು ಗಂಟೆಗೆ, ಅಕ್ಕನೂ ಗಂಡನೂ ಪಕ್ಕದಲ್ಲಿದ್ದಾಗ ಇಲ್ಕಾ ಹೋದಳು. ಲೋತಾರ್ ಬ್ಲಾಗಿನಲ್ಲಿ ಎರಡು ಸಾಲು ಹಾಕಿದ, ಅವಳ ಹೆಸರು ಮತ್ತು ತಾರೀಕು. ಅದಕ್ಕೆ ಬಂದ ಕಾಗದಗಳನ್ನು ಅವನು ಇಂದಿಗೂ ಪೂರ್ತಿ ಓದಿಲ್ಲ. ವ್ಯಾನನ್ನು ಲೈಪ್‌ಜಿಗ್‌ನ ಒಂದು ಗಂಡಹೆಂಡಿರ ಜೋಡಿ ಬಂದು ಕೊಂಡುಕೊಂಡಿತು. ಅವರೂ ಎಲ್ಲೆಲ್ಲೋ ಸುತ್ತುವ ಉಮೇದಿನಲ್ಲಿದ್ದರು. ಒಳಗಿನ ಕಂಬಳಿಗಳನ್ನು ಅವನು ಅವರಿಗೇ ಬಿಟ್ಟ.

ಈಗ ಅವನು ವಾರದಲ್ಲಿ ಐದು ದಿನ ಮೀನಿನ ಅಂಗಡಿಯಲ್ಲಿ ನಿಲ್ಲುತ್ತಾನೆ. ಭಾನುವಾರ ರೋಸ್ವಿಟಾಳ ಮನೆಯಲ್ಲಿ ಊಟ. ಅವಳಿಗೂ ಬೇರೆ ಯಾರೂ ಇಲ್ಲ. ಎಲೆಕೋಸಿನ ಸುರುಳಿ ಮಾಡುತ್ತಾಳೆ, ಇಬ್ಬರೂ ಹೆಚ್ಚು ಮಾತಿಲ್ಲದೆ ತಿನ್ನುತ್ತಾರೆ, ಅವನು ತಟ್ಟೆ ತೊಳೆಯುತ್ತಾನೆ. ಒಂದೂವರೆ ವರ್ಷ ಅವಳು ಆ ವಿಷಯ ಎತ್ತಲೇ ಇಲ್ಲ. ಕಳೆದ ಮಾರ್ಚಿನ ಒಂದು ಭಾನುವಾರ, ಅವನು ತೊಳೆದ ತಟ್ಟೆಗಳನ್ನು ಒರೆಸುತ್ತ ನಿಂತವಳು ಇದ್ದಕ್ಕಿದ್ದಂತೆ ಹೇಳಿದಳು.

"ಅವತ್ತೇ ನೀನು ಅವಳಿಗೆ ಗುಳಿ ತೋರ್ಸಿದ್ರೂ ಅವಳು ಡಾಕ್ಟ್ರ ಹತ್ರ ಹೋಗ್ತಿರ್ಲಿಲ್ಲ. ಹಲ್ಲುನೋವು ಇಟ್ಕೊಂಡೇ ಎರಡು ವರ್ಷ ಓಡಾಡಿದೋಳು ಅವಳು. ಸೀಸನ್ ಮುಗೀಲಿ ಅಂತಿದ್ಲು."

ಲೋತಾರ್ ನೀರು ನಿಲ್ಲಿಸಿದ. ಅದು ನಿಜವೋ, ತನ್ನ ಕೊರಗನ್ನು ನೋಡಲಾಗದೆ ಅವಳು ಕಟ್ಟಿ ಹೇಳಿದ್ದೋ ಅವನಿಗೆ ತಿಳಿಯಲಿಲ್ಲ. ಕೇಳುವ ಮನಸ್ಸೂ ಆಗಲಿಲ್ಲ. ಅವಳು ಅವನ ಕಡೆ ತಿರುಗಿ ನೋಡಲಿಲ್ಲ, ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು. ಅವನು ಮತ್ತೆ ನಲ್ಲಿ ತಿರುಗಿಸಿ ಉಳಿದ ಬಾಣಲೆಯನ್ನು ಉಜ್ಜತೊಡಗಿದ.